ಎರಡು ಕಡ್ಡಿ, ಒಂದೇ ಎಳೆ

ಕೈ ಹೆಣಿಗೆ ಒಂದೇ ದಾರದಿಂದ ಬಟ್ಟೆ ಮಾಡುವ ವಿದ್ಯೆ. ಮಗ್ಗದ ಬಟ್ಟೆಗೆ ಹಾಸೂ ಬೇಕು, ಹೊಕ್ಕೂ ಬೇಕು. ನೂರಾರು ಎಳೆಗಳನ್ನು ಬಿಗಿಯಾಗಿ ಹಾಸಿ ಅವುಗಳ ನಡುವೆ ಲಾಳಿ ಓಡಿಸಬೇಕು. ಹೆಣಿಗೆಗೆ ಎರಡು ಕಡ್ಡಿ, ಒಂದು ಉಂಡೆ ಉಲ್ಲನ್ ಸಾಕು. ದಾರವನ್ನು ಕುಣಿಕೆ ಮಾಡಿ, ಆ ಕುಣಿಕೆಯೊಳಗಿನಿಂದ ಇನ್ನೊಂದನ್ನು, ಅದರೊಳಗಿನಿಂದ ಮತ್ತೊಂದನ್ನು ಎಳೆಯುತ್ತ ಹೋದರೆ ಸಾಲಿನ ಮೇಲೆ ಸಾಲು ಬೆಳೆಯುತ್ತದೆ. ಹೆಣೆದ ಬಟ್ಟೆಯ ಗುಣಗಳೆಲ್ಲ ಈ ರಚನೆಯಿಂದಲೇ ಬಂದವು. ಕುಣಿಕೆಗಳು ಹಿಗ್ಗಿ ಕುಗ್ಗುವುದರಿಂದ ಅದು ತಲೆ, ಪಾದ, ಬೆರಳುಗಳ ಉಬ್ಬುತಗ್ಗಿಗೆ ತಾನಾಗಿ ಒಗ್ಗುತ್ತದೆ. ಕುಣಿಕೆಗಳ ನಡುವೆ ಗಾಳಿ ಸಿಕ್ಕಿಕೊಂಡು ಮೈಯ ಬಿಸಿ ಹೊರಹೋಗದಂತೆ ತಡೆಯುತ್ತದೆ. ಕೊನೆಯ ಕುಣಿಕೆ ಬಿಡಿಸಿ ಎಳೆದರೆ ಇಡೀ ಸ್ವೆಟರ್ ಬಿಚ್ಚಿಕೊಂಡು ಮತ್ತೆ ದಾರವಾಗುತ್ತದೆ. ಕತ್ತರಿಸಿ ಹೊಲಿದ ಬಟ್ಟೆಗೆ ಈ ಭಾಗ್ಯ ಇಲ್ಲ.

ಕ್ರೋಶಾ ಇದರ ಹತ್ತಿರದ ನಂಟೇ ಹೊರತು ಇದೇ ಅಲ್ಲ. ಕ್ರೋಶಾದಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿ, ಅದರ ಮೇಲೆ ಸಾಮಾನ್ಯವಾಗಿ ಒಂದೇ ಕುಣಿಕೆ. ಹೆಣಿಗೆಯಲ್ಲಿ ಇಡೀ ಸಾಲು, ನೂರು ಇನ್ನೂರು ಕುಣಿಕೆಗಳು, ಒಟ್ಟಿಗೆ ಕಡ್ಡಿಯ ಮೇಲೆ ಕಾಯುತ್ತಿರುತ್ತವೆ. ಕಡ್ಡಿ ಜಾರಿ ಬಿದ್ದರೆ ಎದೆ ಧಸಕ್ಕೆನ್ನುವುದು ಅದಕ್ಕೇ.

ಮೂಲ ಹೆಣಿಗೆ ಎರಡೇ: ಸೀದಾ, ಉಲ್ಟಾ. ಎಡಗೈ ಕಡ್ಡಿಯ ಮೊದಲ ಕುಣಿಕೆಯೊಳಕ್ಕೆ ಬಲಗೈ ಕಡ್ಡಿಯ ತುದಿಯನ್ನು ಮುಂದಿನಿಂದ ಹಿಂದಕ್ಕೆ ತೂರಿಸಿ, ಹಿಂದಿರುವ ದಾರವನ್ನು ಅದಕ್ಕೆ ಒಂದು ಸುತ್ತು ಹಾಕಿ, ಆ ಸುತ್ತನ್ನು ಈಚೆಗೆಳೆದು, ಹಳೆಯ ಕುಣಿಕೆಯನ್ನು ಎಡಗಡ್ಡಿಯಿಂದ ಜಾರಿಸಿದರೆ ಒಂದು ಸೀದಾ ಆಯಿತು. ದಾರವನ್ನು ಮುಂದಕ್ಕೆ ತಂದುಕೊಂಡು, ಕಡ್ಡಿಯನ್ನು ಹಿಂದಿನಿಂದ ಮುಂದಕ್ಕೆ ತೂರಿಸಿ ಅದೇ ಕೆಲಸ ಮಾಡಿದರೆ ಉಲ್ಟಾ. ನಿಜ ನೋಡಿದರೆ ಎರಡೂ ಒಂದೇ ಕುಣಿಕೆ. ಸೀದಾದ ಬೆನ್ನೇ ಉಲ್ಟಾ. ಮಿಕ್ಕಿದ್ದೆಲ್ಲ ಈ ಎರಡರ ಲೆಕ್ಕಾಚಾರ. ಎಲ್ಲ ಸಾಲೂ ಸೀದಾ ಹೆಣೆದರೆ ಎರಡೂ ಬದಿಯಲ್ಲಿ ಅಡ್ಡ ಏರುಗಳೆದ್ದು, ಅಂಚು ಸುರುಳಿಯಾಗದ ದಪ್ಪ ಬಟ್ಟೆ ಬರುತ್ತದೆ. ಕಲಿಯುವವರ ಮೊದಲ ಮಫ್ಲರ್ ಸಾಮಾನ್ಯವಾಗಿ ಇದೇ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹಾಕಿದರೆ ಮುಂಬದಿ ನಯವಾಗುತ್ತದೆ, ಅಂಚು ಮಾತ್ರ ಸುರುಳಿ ಸುತ್ತುತ್ತದೆ. ಒಂದೇ ಸಾಲಿನಲ್ಲಿ ಎರಡು ಸೀದಾ, ಎರಡು ಉಲ್ಟಾ ಎಂದು ನಡೆಸಿದರೆ ಉದ್ದುದ್ದ ಪಟ್ಟಿಗಳೆದ್ದು ಬಟ್ಟೆ ರಬ್ಬರಿನಷ್ಟು ಹಿಗ್ಗುತ್ತದೆ. ಸ್ವೆಟರಿನ ಮಣಿಕಟ್ಟು, ಸೊಂಟ, ಕತ್ತಿನ ಪಟ್ಟಿ ಎಲ್ಲ ಇದೇ ಹೆಣಿಗೆಯವು. ಕೆಲವು ಕುಣಿಕೆಗಳನ್ನು ಮೂರನೆಯ ಸಣ್ಣ ಕಡ್ಡಿಗೆ ದಾಟಿಸಿ, ಪಕ್ಕದವನ್ನು ಮೊದಲು ಹೆಣೆದು, ಆಮೇಲೆ ಇವನ್ನು ಹೆಣೆದರೆ ಜಡೆ ಬೀಳುತ್ತದೆ. ಬೇಕೆಂದೇ ದಾರವನ್ನು ಒಂದು ಸುತ್ತು ಹೆಚ್ಚಿಗೆ ಹಾಕಿ ತೂತು ಬಿಟ್ಟರೆ ಜಾಲರಿ ಹೆಣಿಗೆ. ಎರಡು ಕುಣಿಕೆಗಳನ್ನು ಒಟ್ಟಿಗೆ ಹೆಣೆಯುತ್ತ ಸಾಲು ಕಿರಿದು ಮಾಡಿದರೆ ಕುಲಾವಿಯ ನೆತ್ತಿ ಮುಚ್ಚಿಕೊಳ್ಳುತ್ತದೆ. ಕಾಲುಚೀಲದ ಹಿಮ್ಮಡಿ ಮಾತ್ರ ಇವೆಲ್ಲಕ್ಕಿಂತ ಜಾಣತನದ ಭಾಗ. ಕೊಳವೆಯಾಗಿ ಸುತ್ತ ಹೆಣೆಯುತ್ತ ಬಂದದ್ದನ್ನು ಅಲ್ಲಿ ನಿಲ್ಲಿಸಿ, ಅರ್ಧ ಕುಣಿಕೆಗಳಲ್ಲಷ್ಟೇ ಹಿಂದೆ ಮುಂದೆ ಓಡಾಡಿ ಒಂದು ಬಟ್ಟಲನ್ನು ಮಾಡಿಕೊಂಡು, ಮತ್ತೆ ಸುತ್ತು ಹೆಣಿಗೆಗೆ ಸೇರಬೇಕು. ಕಾಗದದ ಮೇಲೆ ಇದನ್ನು ಓದಿದವರಿಗೆ ಅರ್ಥವಾಗುವುದಿಲ್ಲ; ಒಮ್ಮೆ ಕೈಯಲ್ಲಿ ಮಾಡಿದವರಿಗೆ ಮರೆಯುವುದಿಲ್ಲ.

ಹೆಣಿಗೆ ಲೆಕ್ಕದ ಕೆಲಸವೂ ಹೌದು. ಹತ್ತು ಸೆಂಟಿಮೀಟರ್ ಅಗಲದಲ್ಲಿ ಎಷ್ಟು ಕುಣಿಕೆ ಕೂರುತ್ತವೆ ಎಂಬುದರ ಮೇಲೆ ಉಡುಪಿನ ಅಳತೆ ನಿಂತಿದೆ. ನಡುಗಾತ್ರದ ಉಲ್ಲನ್, 4 ಮಿಲಿಮೀಟರ್ ಕಡ್ಡಿ ಇದ್ದರೆ ಸುಮಾರು 22 ಕುಣಿಕೆ ಬರುತ್ತದೆ. ಎದೆಸುತ್ತು 100 ಸೆಂಟಿಮೀಟರ್ ಬೇಕಾದರೆ 220 ಕುಣಿಕೆ ಹಾಕಬೇಕು. ಅದೇ ಉಲ್ಲನ್ ಹಿಡಿದ ಇನ್ನೊಬ್ಬರ ಕೈ ಸ್ವಲ್ಪ ಸಡಿಲವಾಗಿದ್ದು 20 ಕುಣಿಕೆಯಷ್ಟೇ ಬಂದರೆ, ಅದೇ 220 ಕುಣಿಕೆ 110 ಸೆಂಟಿಮೀಟರ್ ಆಗಿಬಿಡುತ್ತದೆ. ಮಗನಿಗೆಂದು ಹೆಣೆದದ್ದು ಅಪ್ಪನಿಗೆ ಸರಿಹೋಗುವ ಕತೆಗಳ ಹಿಂದೆ ಬಹುಮಟ್ಟಿಗೆ ಈ ಎರಡು ಕುಣಿಕೆಗಳ ವ್ಯತ್ಯಾಸವೇ ಇರುತ್ತದೆ. ಆದ್ದರಿಂದಲೇ ಅನುಭವಿಗಳು ಮೊದಲು ಅಂಗೈಯಗಲದ ಒಂದು ಚೌಕ ಹೆಣೆದು, ತೊಳೆದು, ಒಣಗಿಸಿ, ಎಣಿಸಿ ನೋಡುತ್ತಾರೆ. ಕಡ್ಡಿಯ ನಂಬರಿನಲ್ಲೂ ಒಂದು ಗೊಂದಲವಿದೆ. ನಮ್ಮ ಅನೇಕ ಅಂಗಡಿಗಳಲ್ಲಿ ಇನ್ನೂ ಹಳೆಯ ಬ್ರಿಟಿಷ್ ನಂಬರೇ ನಡೆಯುತ್ತದೆ. ಅದರಲ್ಲಿ ನಂಬರ್ ಏರಿದಂತೆ ಕಡ್ಡಿ ಸಣ್ಣದಾಗುತ್ತದೆ: 8 ಎಂದರೆ 4 ಮಿಲಿಮೀಟರ್, 10 ಎಂದರೆ 3.25, 12 ಎಂದರೆ 2.75. ಅಮೆರಿಕದ ನಂಬರ್ ಇದಕ್ಕೆ ತದ್ವಿರುದ್ಧ. ಅಲ್ಲಿ 4 ಮಿಲಿಮೀಟರ್ ಕಡ್ಡಿಗೆ 6 ಎಂದು ಹೆಸರು, ನಂಬರ್ ಏರಿದರೆ ಕಡ್ಡಿ ದಪ್ಪ. ಇಂಟರ್ನೆಟ್ಟಿನಲ್ಲಿ ಸಿಕ್ಕ ನಮೂನೆ ಹಿಡಿದು ಅಂಗಡಿಗೆ ಹೋಗುವವರು ನಂಬರ್ ಬಿಟ್ಟು ಮಿಲಿಮೀಟರ್ ಕೇಳುವುದು ಕ್ಷೇಮ.

ಇಷ್ಟು ಸರಳ ಸಲಕರಣೆಯ ಕೆಲಸ ತೀರಾ ಪ್ರಾಚೀನವಾಗಿರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಹಾಗಿಲ್ಲ. ನೇಯ್ಗೆಗೆ ಹಲವು ಸಾವಿರ ವರ್ಷಗಳ ಚರಿತ್ರೆಯಿದೆ; ಹೆಣಿಗೆಯ ಖಚಿತ ಕುರುಹುಗಳು ಸಿಗುವುದು ಸುಮಾರು ಸಾವಿರ ವರ್ಷದಿಂದ ಈಚೆಗೆ, ಮಧ್ಯಯುಗದ ಈಜಿಪ್ಟಿನಲ್ಲಿ. ನೀಲಿ ಬಿಳಿ ಹತ್ತಿದಾರದಲ್ಲಿ ಚಿತ್ತಾರ ಮಾಡಿ ಹೆಣೆದ ಅಲ್ಲಿನ ಕಾಲುಚೀಲಗಳು ಕಲಿಕೆಯ ಹಂತದವರ ಕೆಲಸವಲ್ಲ, ಪಳಗಿದ ಕೈಗಳದು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಇನ್ನೂ ಹಳೆಯ ಒಂದು ಜೋಡಿ ಕೆಂಪು ಕಾಲುಚೀಲವಿದೆ. ಕ್ರಿ.ಶ. 250ರಿಂದ 420ರ ನಡುವಿನದು, ಈಜಿಪ್ಟಿನ ಆಕ್ಸಿರಿಂಕಸ್‌ನ ಸ್ಮಶಾನದಲ್ಲಿ ಸಿಕ್ಕಿದ್ದು. ಪಟ್ಟಿಯ ಚಪ್ಪಲಿ ಹಾಕಲು ಅನುಕೂಲವಾಗಲೆಂದು ಹೆಬ್ಬೆರಳಿಗೆ ಬೇರೆ ಚೀಲ, ಮಿಕ್ಕ ಬೆರಳಿಗೆ ಬೇರೆ ಚೀಲ. ನೋಡಿದವರೆಲ್ಲ ಇದನ್ನು ಹೆಣಿಗೆ ಎಂದೇ ತಿಳಿಯುತ್ತಾರೆ. ಆದರೆ ಅದು ಕಣ್ಣುಳ್ಳ ಒಂದೇ ಸೂಜಿಯಿಂದ, ತುಂಡು ತುಂಡು ದಾರವನ್ನು ಕುಣಿಕೆಯೊಳಗಿನಿಂದ ಪೂರ್ತಿ ಎಳೆದು ಮಾಡಿದ ಬೇರೆಯೇ ಕೆಲಸ. ಎಳೆದರೆ ಬಿಚ್ಚಿಕೊಳ್ಳದು.

ಈಜಿಪ್ಟಿನಿಂದ ಹೆಣಿಗೆ ಅರಬರೊಡನೆ ಸ್ಪೇನಿಗೆ ಬಂದಿತೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪುತ್ತಾರೆ. ಬುರ್ಗೋಸ್ ನಗರದ ಹತ್ತಿರದ ಲಾಸ್ ಉಯೆಲ್ಗಾಸ್ ಮಠದಲ್ಲಿ ರಾಜಮನೆತನದ ಸಮಾಧಿಗಳಿವೆ. 1275ರಲ್ಲಿ ತೀರಿಕೊಂಡ ರಾಜಕುಮಾರ ಫೆರ್ನಾಂಡೊನ ಸಮಾಧಿಯಲ್ಲಿ ರೇಷ್ಮೆಯಲ್ಲಿ ಹೆಣೆದ ದಿಂಬಿನ ಚೀಲ ಸಿಕ್ಕಿತು. ಅಲ್ಲಿಂದ ಮುಂದೆ ಹೆಣಿಗೆ ಚಿತ್ರಕಲೆಯಲ್ಲೂ ಕಾಣಿಸಿಕೊಳ್ಳುತ್ತದೆ. ಜರ್ಮನಿಯ ಹ್ಯಾಂಬರ್ಗಿನ ಕಲಾಸಂಗ್ರಹಾಲಯದಲ್ಲಿ ಮೈಸ್ಟರ್ ಬರ್ಟ್ರಾಮನ ಹೆಸರಿಗೆ ಸೇರಿದ, ಸುಮಾರು 1400ರ ಹೊತ್ತಿನ ಬುಕ್ಸ್ಟೆಹೂಡ ಚರ್ಚಿನ ಚಿತ್ರಫಲಕಗಳಿವೆ. ಅವುಗಳಲ್ಲೊಂದರಲ್ಲಿ ಮೇರಿ ಮಾತೆ ಕೂತು ಮಗುವಿನ ಅಂಗಿ ಹೆಣೆಯುತ್ತಿದ್ದಾಳೆ. ಅಂಗಿ ಹೆಚ್ಚುಕಡಿಮೆ ಮುಗಿದಿದೆ. ಕತ್ತಿನ ಸುತ್ತ ನಾಲ್ಕು ಕಡ್ಡಿಗಳು ಚಾಚಿಕೊಂಡಿವೆ. ಬಾಲಯೇಸು ಪುಸ್ತಕ ಬಿಟ್ಟು ತಲೆಯೆತ್ತಿ, ಶಿಲುಬೆ ಭರ್ಜಿ ಹಿಡಿದು ಬಂದ ದೇವದೂತರನ್ನು ನೋಡುತ್ತಿದ್ದಾನೆ. ಭಕ್ತರಿಗೆ ಅದು ಮುಂದಿನ ಸಾವಿನ ಸೂಚನೆ. ಹೆಣಿಗೆಯ ಚರಿತ್ರೆ ಬರೆಯುವವರಿಗೆ ಅದು ದಾಖಲೆ: ಹೊಲಿಗೆಯಿಲ್ಲದೆ ಸುತ್ತ ಹೆಣೆಯುವ ವಿಧಾನ ಆಗಲೇ ಯುರೋಪಿನಲ್ಲಿ ಬಳಕೆಯಲ್ಲಿತ್ತು, ಚಿತ್ರಕಾರ ಅದನ್ನು ಹತ್ತಿರದಿಂದ ನೋಡಿದ್ದ. ಮ್ಯೂಸಿಯಂ ಸುತ್ತುವ ಹವ್ಯಾಸವಿದ್ದವರು ಈ ಬಗೆಯ ಚಿತ್ರಗಳ ಮುಂದೆ ನಿಂತಾಗ ಮುಖ ನೋಡಿದ ಮೇಲೆ ಕೈಗಳನ್ನೂ ನೋಡಬೇಕು.

ಇಂದು ಹವ್ಯಾಸವಾಗಿರುವ ಈ ಕೆಲಸ ಅದರ ಚರಿತ್ರೆಯ ಬಹುಪಾಲು ಹೊಟ್ಟೆಪಾಡಾಗಿತ್ತು ಎಂಬುದು ಸುಲಭವಾಗಿ ಮರೆತುಹೋಗುತ್ತದೆ. ಯುರೋಪಿನ ನಗರಗಳಲ್ಲಿ ಅದು ಗಂಡಸರ ಕಸುಬಿನ ಸಂಘಗಳ ಕೈಯಲ್ಲಿತ್ತು. ಇಂಗ್ಲೆಂಡಿನಲ್ಲಿ ಟೋಪಿ ಹೆಣೆಯುವವರ ಹಿತ ಕಾಯಲು 1571ರಲ್ಲಿ ಕಾನೂನೇ ಬಂತು. ಆರು ವರ್ಷ ಮೀರಿದ ಪ್ರತಿಯೊಬ್ಬರೂ, ಕುಲೀನರಂಥ ಕೆಲವರನ್ನು ಬಿಟ್ಟು, ಭಾನುವಾರ ಮತ್ತು ಹಬ್ಬದ ದಿನ ದೇಶದಲ್ಲೇ ಮಾಡಿದ ಉಣ್ಣೆಯ ಟೋಪಿ ಹಾಕಲೇಬೇಕು, ತಪ್ಪಿದರೆ ದಿನಕ್ಕೆ 3 ಶಿಲಿಂಗ್ 4 ಪೆನ್ಸ್ ದಂಡ. ಜನ ಕೇಳಲಿಲ್ಲ, 1597ರಲ್ಲಿ ಕಾನೂನು ರದ್ದಾಯಿತು. ಅಷ್ಟರಲ್ಲಿ, 1589ರಲ್ಲಿ, ನಾಟಿಂಗ್‌ಹ್ಯಾಮ್ ಸೀಮೆಯ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ್ದ. ಬಡ ಹೆಣಿಗೆಯವರ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂದು ರಾಣಿ ಎಲಿಜಬೆತ್ ಅವನಿಗೆ ಹಕ್ಕುಪತ್ರ ಕೊಡಲಿಲ್ಲ ಎಂಬ ಕತೆಯಿದೆ. ಲೀ ಫ್ರಾನ್ಸಿಗೆ ಹೋಗಿ ಅಲ್ಲೇ ತೀರಿಕೊಂಡ, ಯಂತ್ರ ಮಾತ್ರ ಉಳಿದು ಹಬ್ಬಿತು. ಎರಡು ಶತಮಾನದ ಮೇಲೆ, 1811ರಲ್ಲಿ, ಅದೇ ನಾಟಿಂಗ್‌ಹ್ಯಾಮ್ ಸೀಮೆಯಲ್ಲಿ ಕೂಲಿ ಇಳಿದು ಕಂಗೆಟ್ಟ ಕೆಲಸಗಾರರು ರಾತ್ರೋರಾತ್ರಿ ಹೆಣಿಗೆ ಯಂತ್ರಗಳನ್ನು ಒಡೆದರು. ಲಡೈಟ್ ದಂಗೆ ಶುರುವಾದದ್ದು ಹೀಗೆ. 1812ರಲ್ಲಿ ಯಂತ್ರ ಒಡೆದವರಿಗೆ ಮರಣದಂಡನೆ ವಿಧಿಸುವ ಕಾನೂನು ಬಂದಾಗ ಲಾರ್ಡ್ಸ್ ಸಭೆಯಲ್ಲಿ ಅದನ್ನು ವಿರೋಧಿಸಿ ಮಾತಾಡಿದವರಲ್ಲಿ ಕವಿ ಬೈರನ್ ಒಬ್ಬ.

ಯಂತ್ರ ತಲುಪದ ಕಡೆ ಕೈಗಳು ದುಡಿಯುತ್ತಲೇ ಇದ್ದವು. ಉತ್ತರ ಇಂಗ್ಲೆಂಡಿನ ಡೆಂಟ್ ಕಣಿವೆಯಲ್ಲಿ ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಹೆಣೆಯುತ್ತಿದ್ದರು. ದೀಪ ಮತ್ತು ಸೌದೆ ಉಳಿಸಲು ಸಂಜೆ ಒಂದೇ ಮನೆಯಲ್ಲಿ ಸೇರಿ, ಕತೆ ಹೇಳುತ್ತ ಕೇಳುತ್ತ ಕೆಲಸ ಸಾಗಿಸುತ್ತಿದ್ದರು. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಹಳೆಯ ಫೋಟೋಗಳಲ್ಲಿ ಹೆಂಗಸರು ಬೆನ್ನ ಮೇಲೆ ಸೌದೆಯಂತೆ ಉರಿಸುವ ಪೀಟ್ ಮಣ್ಣಿನ ಹೆಡೆಗೆ ಹೊತ್ತು, ನಡೆಯುತ್ತಲೇ ಹೆಣೆಯುತ್ತಿರುವುದು ಕಾಣುತ್ತದೆ. ಸೊಂಟಕ್ಕೆ ತೂತುಗಳಿರುವ, ಕುದುರೆ ಕೂದಲು ತುಂಬಿದ ಚರ್ಮದ ಪಟ್ಟಿ. ಅದರ ತೂತಿಗೆ ಒಂದು ಕಡ್ಡಿಯ ಬುಡ ಸಿಕ್ಕಿಸಿದರೆ ಒಂದು ಕೈ ಬಿಡುವಾಗುತ್ತದೆ, ವೇಗ ಹೆಚ್ಚುತ್ತದೆ. ಪ್ರವಾಸಿಗರ ಪೋಸ್ಟ್‌ಕಾರ್ಡುಗಳಲ್ಲಿ ಅಚ್ಚಾದ ಈ ದೃಶ್ಯ ನೋಡಲು ಚೆಂದ. ಅದರ ಹಿಂದಿನ ಲೆಕ್ಕ ಅಷ್ಟು ಚೆಂದವಿರಲಿಲ್ಲ. ವ್ಯಾಪಾರಿಗಳು ಹೆಣಿಗೆಗೆ ದುಡ್ಡು ಕೊಡುತ್ತಿರಲಿಲ್ಲ; ತಮ್ಮ ಅಂಗಡಿಯ ಟೀ ಪುಡಿ, ಬಟ್ಟೆ ಕೊಡುತ್ತಿದ್ದರು. ಊಟದ ಸಾಮಾನು ಬೇಕಾದವಳು ಆ ಟೀ ಪುಡಿಯನ್ನು ಮನೆಮನೆಗೆ ಹೊತ್ತು ಬದಲಾಯಿಸಿಕೊಳ್ಳಬೇಕಿತ್ತು. ಈ ಪದ್ಧತಿಯ ಮೇಲೆ ಬ್ರಿಟಿಷ್ ಸರ್ಕಾರ ತನಿಖೆ ನಡೆಸಿ 1872ರಲ್ಲಿ ವರದಿ ಪ್ರಕಟಿಸಿತು. ಹೆಣೆಯುವ ಹೆಂಗಸರು ಸ್ವತಃ ಕೊಟ್ಟ ಹೇಳಿಕೆಗಳು ಅದರಲ್ಲಿವೆ. ಉಂಗುರದೊಳಗಿನಿಂದ ಎಳೆದು ತೆಗೆಯಬಹುದಾದಷ್ಟು ತೆಳುವಾದ ಅನ್‌ಸ್ಟ್ ದ್ವೀಪದ ಜಾಲರಿ ಶಾಲುಗಳನ್ನು ಹೆಣೆದವರೂ ಇಂಥವರೇ.

ಹಳೆಯ ಕಾಲದ ಹಂಬಲ ಹೆಣಿಗೆಗೆ ಅಂಟಿಕೊಂಡದ್ದು ಇದಾದ ಮೇಲೆ. ಅದರಲ್ಲಿ ನಿಜ ಎಷ್ಟು, ಅಂಗಡಿಯವರು ಕಟ್ಟಿದ್ದು ಎಷ್ಟು ಎಂದು ಬೇರ್ಪಡಿಸಲು ಎರಡು ದ್ವೀಪಗಳ ಕತೆ ಸಾಕು.

ಮೊದಲನೆಯದು ಶೆಟ್ಲೆಂಡಿಗೆ ಸೇರಿದ ಫೇರ್ ಐಲ್. ಕೆಲವೇ ಡಜನ್ ಜನರ ಈ ಪುಟ್ಟ ದ್ವೀಪದ ಹೆಸರಿನಲ್ಲಿ ಬಣ್ಣಬಣ್ಣದ ಪಟ್ಟಿ ಚಿತ್ತಾರದ ಸ್ವೆಟರ್ ಜಗತ್ತಿನಲ್ಲೆಲ್ಲ ಪ್ರಸಿದ್ಧ. ನೋಡಲು ಹತ್ತಾರು ಬಣ್ಣ ಇದ್ದಂತೆ ಕಂಡರೂ ಒಂದು ಸಾಲಿನಲ್ಲಿ ಎರಡೇ ಬಣ್ಣ. ಬೇಡದ ಬಣ್ಣದ ದಾರ ಹಿಂಬದಿಯಲ್ಲಿ ಸಾಗುತ್ತ ಬಟ್ಟೆಯನ್ನು ಇಮ್ಮಡಿ ಬೆಚ್ಚಗೆ ಮಾಡುತ್ತದೆ. ಸ್ಪೇನಿನ ಆರ್ಮಡಾ ನೌಕಾಪಡೆಯ ಎಲ್ ಗ್ರಾನ್ ಗ್ರಿಫೋನ್ ಹಡಗು 1588ರಲ್ಲಿ ಇಲ್ಲಿ ಒಡೆದದ್ದು ನಿಜ. ಅದರ ನಾವಿಕರೇ ಈ ಚಿತ್ತಾರ ಕಲಿಸಿದರು ಎಂಬುದು ಮಾತ್ರ ದಂತಕತೆ. ಉಳಿದುಬಂದಿರುವ ಬಣ್ಣದ ಹೆಣಿಗೆಗಳೆಲ್ಲ ಅದಕ್ಕಿಂತ ಬಹಳ ಈಚಿನವು. ಖ್ಯಾತಿ ಬಂದದ್ದಂತೂ ಇನ್ನೂ ಈಚೆಗೆ. ಮುಂದೆ ಎಂಟನೆಯ ಎಡ್ವರ್ಡ್ ಆದ ವೇಲ್ಸಿನ ರಾಜಕುಮಾರ 1922ರಲ್ಲಿ ಸೇಂಟ್ ಆಂಡ್ರೂಸ್ ಗಾಲ್ಫ್ ಮೈದಾನಕ್ಕೆ ಈ ಸ್ವೆಟರ್ ತೊಟ್ಟು ಬಂದ, ಪತ್ರಿಕೆಗಳಲ್ಲಿ ಫೋಟೋ ಬಂತು, ಬೇಡಿಕೆ ಮುಗಿಲಿಗೇರಿತು.

ಎರಡನೆಯದು ಐರ್ಲೆಂಡಿನ ಪಶ್ಚಿಮ ಕಡಲಿನ ಆರನ್ ದ್ವೀಪಗಳು. ಜಡೆ, ಜೇನುಗೂಡಿನ ಉಬ್ಬು ಚಿತ್ತಾರದ ಕೆನೆಬಣ್ಣದ ಸ್ವೆಟರ್ ಇಲ್ಲಿನದು. ಪ್ರತಿ ಮನೆತನಕ್ಕೂ ಬೇರೆ ಬೇರೆ ಚಿತ್ತಾರವಿತ್ತು, ಕಡಲಲ್ಲಿ ಮುಳುಗಿದ ಮೀನುಗಾರನ ಹೆಣ ದಡಕ್ಕೆ ಬಂದಾಗ ಸ್ವೆಟರ್ ನೋಡಿ ಗುರುತಿಸುತ್ತಿದ್ದರು ಎಂದು ಅಂಗಡಿಗಳಲ್ಲಿ ಹೇಳುತ್ತಾರೆ. ಮನೆತನದ ಹೆಸರು ಹೇಳಿದರೆ ಅದರ ಚಿತ್ತಾರ ತೋರಿಸುವ ಪಟ್ಟಿಯೂ ಇದೆ. ಚರಿತ್ರಕಾರರು ಇದನ್ನು ಒಪ್ಪುವುದಿಲ್ಲ. ಈ ಸ್ವೆಟರ್ ರೂಪುಗೊಂಡದ್ದೇ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ. ಹೆಣ ಗುರುತಿಸುವ ಕತೆಯ ಬೇರು ಐರಿಷ್ ನಾಟಕಕಾರ ಜೆ.ಎಂ. ಸಿಂಗ್ 1904ರಲ್ಲಿ ರಂಗಕ್ಕೆ ತಂದ ‘ರೈಡರ್ಸ್ ಟು ದ ಸೀ’ ನಾಟಕದಲ್ಲಿದೆ. ಅದರಲ್ಲಿ ತಂಗಿಯೊಬ್ಬಳು ಮುಳುಗಿಹೋದ ಅಣ್ಣನನ್ನು ಗುರುತಿಸುವುದು ಸ್ವೆಟರಿನಿಂದಲ್ಲ, ಕಾಲುಚೀಲದಿಂದ. ಮನೆತನದ ಚಿತ್ತಾರದಿಂದಲ್ಲ, ತಾನೇ ಹೆಣೆಯುವಾಗ ಬಿಟ್ಟುಹೋಗಿದ್ದ ಕುಣಿಕೆಗಳಿಂದ. ಮುಂದೆ ಹೈನ್ಸ್ ಎಡ್ಗರ್ ಕೀವೆ ಎಂಬ ಉಲ್ಲನ್ ವ್ಯಾಪಾರಿ 1930ರ ದಶಕದಲ್ಲಿ ಡಬ್ಲಿನ್ನಿನಲ್ಲಿ ಇಂಥದೊಂದು ಸ್ವೆಟರ್ ಕೊಂಡು, ಸಾವಿರ ವರ್ಷದ ಹಿಂದಿನ ಹಸ್ತಪ್ರತಿಗಳ ಚಿತ್ರಗಳಿಗೆ ಅದರ ನಂಟು ಕಲ್ಪಿಸಿ ಬರೆದ. 1960ರ ದಶಕದಲ್ಲಿ ಐರಿಷ್ ಹಾಡುಗಾರರಾದ ಕ್ಲಾನ್ಸಿ ಸಹೋದರರು ಅಮೆರಿಕದ ವೇದಿಕೆಗಳಲ್ಲಿ ಇದನ್ನೇ ತೊಟ್ಟು ಹಾಡಿದರು. ನಾಟಕದ ಒಂದು ಕಣ್ಣೀರಿನ ದೃಶ್ಯ, ಒಬ್ಬ ವ್ಯಾಪಾರಿಯ ಕಲ್ಪನೆ, ದೂರದೇಶದಲ್ಲಿ ನೆಲೆಸಿದ ಐರಿಷ್ ಜನರ ತವರಿನ ಹಂಬಲ, ಮೂರೂ ಸೇರಿ ಹೊಸ ಉಡುಪೊಂದನ್ನು ಪುರಾತನ ಮಾಡಿದವು. ಇದರಿಂದ ಸ್ವೆಟರಿನ ಅಂದವೇನೂ ಕಡಿಮೆಯಾಗುವುದಿಲ್ಲ. ಹಾಗೆ ನೋಡಿದರೆ, ತಂಗಿ ತನ್ನ ಕೈತಪ್ಪನ್ನು ಗುರುತಿಸುವ ಸಿಂಗ್‌ನ ದೃಶ್ಯವೇ ಅಂಗಡಿಯ ಕತೆಗಿಂತ ಹೆಣಿಗೆಗೆ ಹತ್ತಿರವಾದದ್ದು.

ಹೆಣಿಗೆ ಹೆಂಗಸರ ಕೆಲಸ ಎಂಬ ನಂಬಿಕೆಗೆ ಪೆರು ದೇಶದ ಟಕಿಲೆ ದ್ವೀಪ ಉತ್ತರ ಕೊಡುತ್ತದೆ. ಸಮುದ್ರಮಟ್ಟದಿಂದ 3,800 ಮೀಟರಿಗೂ ಎತ್ತರದ ಟಿಟಿಕಾಕಾ ಸರೋವರದ ಈ ದ್ವೀಪದಲ್ಲಿ ಟೋಪಿ ಹೆಣೆಯುವವರು ಗಂಡಸರು. ಹುಡುಗರು ಚಿಕ್ಕಂದಿನಲ್ಲೇ ಕಲಿಯುತ್ತಾರೆ. ಮದುವೆಯಾದವನೋ ಇಲ್ಲವೋ ಎಂಬುದನ್ನು ಟೋಪಿಯ ಬಣ್ಣವೇ ಹೇಳುತ್ತದೆ. ಇಲ್ಲಿನ ಜವಳಿ ಕಲೆಯನ್ನು ಯುನೆಸ್ಕೊ 2005ರಲ್ಲಿ ಮಾನವಕುಲದ ಪರಂಪರೆ ಎಂದು ಘೋಷಿಸಿತು. ನಡೆದಾಡುತ್ತಲೇ ಹೆಣೆಯುವ ಗಂಡಸರನ್ನು ನೋಡಲೆಂದು ಈಗ ದೋಣಿ ತುಂಬ ಪ್ರವಾಸಿಗರು ಬರುತ್ತಾರೆ. ಶೆಟ್ಲೆಂಡಿನಲ್ಲೂ 2010ರಿಂದ ಪ್ರತಿ ಶರತ್ಕಾಲದಲ್ಲಿ ಉಣ್ಣೆಯ ವಾರಾಚರಣೆ ನಡೆಯುತ್ತದೆ. ದೂರದ ದೇಶಗಳಿಂದ ಹೆಣೆಯುವವರು ಬಂದು ಕುರಿ ಸಾಕುವವರನ್ನು, ನೂಲುವವರನ್ನು, ಹಳೆಯ ಹೆಣಿಗೆಯ ಸಂಗ್ರಹಗಳನ್ನು ನೋಡಿ ಹೋಗುತ್ತಾರೆ.

ಭಾರತಕ್ಕೆ ಕಡ್ಡಿಗಳು ಬಂದದ್ದು ಬಹುಮಟ್ಟಿಗೆ ಮಿಷನರಿಗಳ ಮತ್ತು ಬ್ರಿಟಿಷ್ ಕುಟುಂಬಗಳ ಮೂಲಕ, ಹತ್ತೊಂಬತ್ತನೆಯ ಶತಮಾನದಲ್ಲಿ. ಹಿಮಾಚಲದ ಲಾಹುಲ್ ಕಣಿವೆಯ ಕೇಲಾಂಗ್‌ನಲ್ಲಿ ನೆಲೆಸಿದ ಮೊರೇವಿಯನ್ ಮಿಷನರಿಗಳು ಅಲ್ಲಿನ ಹೆಂಗಸರಿಗೆ ಹೆಣಿಗೆ ಕಲಿಸಿದರು. ಇಂದು ಲಾಹುಲಿ ಕಾಲುಚೀಲ, ಕೈಗವಸುಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಆಂಧ್ರದ ನರಸಾಪುರದಲ್ಲಿ ಮಿಷನರಿಗಳಿಂದ ಬೇರೂರಿದ್ದು ಕ್ರೋಶಾ ಲೇಸು. ಅಲ್ಲಿನ ಹೆಂಗಸರ ಬಗ್ಗೆ ಜರ್ಮನ್ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಪುಸ್ತಕ ಪ್ರಕಟಿಸಿದರು. ದಿನವಿಡೀ ರಫ್ತಿಗಾಗಿ ದುಡಿದರೂ ಅವರನ್ನು ಕೆಲಸಗಾರರೆಂದು ಎಣಿಸದೆ, ಬಿಡುವಿನಲ್ಲಿ ಕೈಯಾಡಿಸುವ ಗೃಹಿಣಿಯರೆಂದೇ ಕಂಡು ಅತಿ ಕಡಿಮೆ ಕೂಲಿ ಕೊಡುತ್ತಿದ್ದುದನ್ನು ಆ ಪುಸ್ತಕ ತೋರಿಸಿತು. ಶೆಟ್ಲೆಂಡಿನ ಟೀ ಪುಡಿಯ ಲೆಕ್ಕ ನೂರು ವರ್ಷದ ಮೇಲೆ ಗೋದಾವರಿಯ ದಂಡೆಯಲ್ಲೂ ನಡೆದಿತ್ತು.

ಕರ್ನಾಟಕಕ್ಕೆ ಉಣ್ಣೆ ಹೊಸದಲ್ಲ, ಹೆಣಿಗೆ ಹೊಸದು. ಕುರುಬರು ತಲೆಮಾರುಗಳಿಂದ ದಖ್ಖನಿ ಕುರಿಯ ಉಣ್ಣೆ ನೂತು, ಹುಣಸೆ ಬೀಜದ ಗಂಜಿ ಹಚ್ಚಿ, ಗುಂಡಿಮಗ್ಗದಲ್ಲಿ ಕಂಬಳಿ ನೇಯುತ್ತ ಬಂದಿದ್ದಾರೆ. ಚಳ್ಳಕೆರೆ, ಮೆಡ್ಲೇರಿಯ ಕಂಬಳಿಗಳಿಗೆ ಹೆಸರಿದೆ. ಆ ಉಣ್ಣೆ ಒರಟು. ಮಳೆ ತಡೆಯುತ್ತದೆ, ಮಗುವಿನ ಮೈಗೆ ಚುಚ್ಚುತ್ತದೆ. ಹಾಗಾಗಿ ಕಡ್ಡಿ ಹೆಣಿಗೆ ಇಲ್ಲಿ ಹಿಡಿದದ್ದು ಮೃದುವಾದ ಗಿರಣಿ ದಾರದೊಡನೆ: ಬೆಂಗಳೂರು, ಮೈಸೂರಿನ ಮನೆಗಳಲ್ಲಿ, ಚಳಿ ಇರುವ ಕೊಡಗು ಮಲೆನಾಡಿನಲ್ಲಿ, ಶಾಲೆಯ ಹೊಲಿಗೆ ಟೀಚರ್ ಮೂಲಕ. 1962ರ ಚೀನಾ ಯುದ್ಧದ ಚಳಿಗಾಲದಲ್ಲಿ ಹಿಮಾಲಯದ ಗಡಿಯ ಜವಾನರಿಗಾಗಿ ದೇಶದ ಎಷ್ಟೋ ಊರುಗಳಲ್ಲಿ ಹೆಂಗಸರು ಸ್ವೆಟರ್ ಹೆಣೆದು ಕಳಿಸಿದರು. ಆದರೆ ನಮ್ಮ ಕಡೆ ಈ ಕೆಲಸದ ನಿಜವಾದ ಕಾರಣ ಗಡಿಯಲ್ಲಿರಲಿಲ್ಲ, ಬಾಣಂತಿ ಕೋಣೆಯಲ್ಲಿತ್ತು. ಮಗಳಿಗೆ ಏಳು ತಿಂಗಳಾಯಿತೆಂದರೆ ಅಜ್ಜಿಯ ಕೈಗೆ ಕಡ್ಡಿ ಬರುತ್ತಿತ್ತು. ಕುಲಾವಿ, ಕಾಲುಚೀಲ, ಮುಂದೆ ಗುಂಡಿಯಿರುವ ಪುಟ್ಟ ಸ್ವೆಟರ್, ಮೂರೂ ಒಂದೇ ಬಣ್ಣದಲ್ಲಿ. ಹುಟ್ಟುವುದು ಗಂಡೋ ಹೆಣ್ಣೋ ತಿಳಿಯದ್ದರಿಂದ ತಿಳಿಹಳದಿ ಅಥವಾ ಬಿಳಿಯೇ ಹೆಚ್ಚು.

ಮಗು ಬೆಳೆದು ಸ್ವೆಟರ್ ಗಿಡ್ಡವಾದಾಗ ಅದನ್ನು ಬಿಸಾಡುವ ಮಾತಿರಲಿಲ್ಲ. ಹೊಲಿಗೆ ಬಿಚ್ಚಿ, ಕತ್ತಿನ ಕಡೆಯಿಂದ ದಾರ ಎಳೆದು, ಮನೆಯ ಹುಡುಗರಲ್ಲಿ ಯಾರಾದರೊಬ್ಬರನ್ನು ಕೂರಿಸಿ, ಚಾಚಿದ ಎರಡು ಕೈಗಳಿಗೆ ಸುತ್ತಿ ಲಡಿ ಮಾಡುತ್ತಿದ್ದರು. ವರ್ಷಗಟ್ಟಲೆ ಕುಣಿಕೆಯಾಗಿದ್ದ ದಾರ ಗುಂಗುರು ಗುಂಗುರಾಗಿ ಬರುತ್ತಿತ್ತು. ಅದನ್ನು ತೊಳೆದು, ಅಡಿಗೆ ಒಂದು ಭಾರ ಕಟ್ಟಿ ನೇತುಹಾಕಿದರೆ ನೆಟ್ಟಗಾಗುತ್ತಿತ್ತು. ದಾರ ಸಾಲದ ಕಡೆ ಬೇರೆ ಬಣ್ಣದ ಪಟ್ಟಿ ಬರುತ್ತಿತ್ತು. ಹಳೆಯ ಫೋಟೋಗಳಲ್ಲಿ ಎದೆಗೆ ಅಡ್ಡಪಟ್ಟಿಯಿರುವ ಸ್ವೆಟರ್ ತೊಟ್ಟ ಮಕ್ಕಳು ಕಂಡರೆ ಅದು ಫ್ಯಾಷನ್ ಎಂದೇ ತಿಳಿಯಬೇಕಿಲ್ಲ.

ಈ ಪದ್ಧತಿ ಸೊರಗಿದ್ದಕ್ಕೆ ಕಾರಣ ಸೋಮಾರಿತನವಲ್ಲ, ಬೆಲೆ. ಲುಧಿಯಾನದ ಕಾರ್ಖಾನೆಗಳ ಅಕ್ರಿಲಿಕ್ ಸ್ವೆಟರ್ ಬರಿಯ ಉಲ್ಲನ್ ಕೊಳ್ಳುವುದಕ್ಕಿಂತ ಅಗ್ಗವಾಗಿ ಸಿಗತೊಡಗಿತು. ಚಳಿಗಾಲ ಬಂತೆಂದರೆ ಊರಿನ ಫುಟ್‌ಪಾತಿನಲ್ಲಿ ಟಿಬೆಟಿಯನ್ನರ ಸ್ವೆಟರ್ ಸಾಲು ಏಳುವುದು ಕನ್ನಡಿಗರಿಗೆ ಪರಿಚಿತ ನೋಟ. ಬೈಲಕುಪ್ಪೆ, ಮುಂಡಗೋಡಿನ ನೆಲೆಗಳಿಂದಲೂ ಎಷ್ಟೋ ಕುಟುಂಬಗಳು ಈ ವ್ಯಾಪಾರಕ್ಕೆ ದೇಶದ ನಗರಗಳಿಗೆ ಹೋಗುತ್ತವೆ. ಆ ಸರಕಿನಲ್ಲಿ ಬಹಳಷ್ಟು ಲುಧಿಯಾನದ್ದೇ. ಕೈಕೆಲಸದ ಲೆಕ್ಕ ಹಾಕಿ ನೋಡಿದರೆ ಸ್ಪರ್ಧೆ ಎಷ್ಟು ಏಕಪಕ್ಷೀಯ ಎಂಬುದು ತಿಳಿಯುತ್ತದೆ. ಮೇಲೆ ಹೇಳಿದ 220 ಕುಣಿಕೆಯ ಸ್ವೆಟರಿಗೆ ಸೊಂಟದಿಂದ ಕಂಕುಳವರೆಗೆ 120 ಸಾಲು ಎಂದಿಟ್ಟುಕೊಂಡರೂ 26,400 ಕುಣಿಕೆ. ನಿಮಿಷಕ್ಕೆ 30ರಂತೆ ಕೈ ನಿಲ್ಲಿಸದೆ ಹೆಣೆದರೆ ಅಷ್ಟಕ್ಕೇ ಹದಿನಾಲ್ಕು ಗಂಟೆ ನಲವತ್ತು ನಿಮಿಷ. ಎದೆ, ಭುಜ, ತೋಳು, ಕತ್ತು ಇನ್ನೂ ಬಾಕಿ. ಕೈಹೆಣಿಗೆಯ ಸ್ವೆಟರನ್ನು ಕೊಳ್ಳುವವರು ಅತಿ ಅಗ್ಗದ ಬೆಲೆ ಕಂಡಾಗ ಸಂತೋಷಪಡುವ ಮೊದಲು ಈ ಲೆಕ್ಕ ಮಾಡಬೇಕು.

ಬೆಲೆಯ ಒತ್ತಡ ಹೋದ ಮೇಲೆ ಉಳಿದದ್ದು ಖುಷಿ. ಹೆಣಿಗೆ ಈಗ ಮತ್ತೆ ಕಾಣಿಸಿಕೊಳ್ಳುತ್ತಿರುವುದು ಅದಕ್ಕಾಗಿ. 2021ರಲ್ಲಿ ಟೋಕಿಯೊ ಒಲಿಂಪಿಕ್ಸಿನ ಗ್ಯಾಲರಿಯಲ್ಲಿ ಬ್ರಿಟನ್ನಿನ ಡೈವಿಂಗ್ ಪಟು ಟಾಮ್ ಡೇಲಿ ಕೂತು ಹೆಣೆಯುತ್ತಿದ್ದ ದೃಶ್ಯ ಜಗತ್ತೆಲ್ಲ ನೋಡಿತು. ತನ್ನ ಚಿನ್ನದ ಪದಕ ಗೀಚದಿರಲೆಂದು ಅವರು ಅದಕ್ಕೊಂದು ಚೀಲವನ್ನೂ ಹೆಣೆದರು. 2013ರಲ್ಲಿ ಬ್ರಿಟನ್ನಿನ ಸಂಶೋಧಕರು ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ 3,545 ಮಂದಿ ಹೆಣೆಯುವವರು ಉತ್ತರ ಕೊಟ್ಟಿದ್ದರು. ಹೆಚ್ಚು ಹೆಚ್ಚು ಸಲ ಹೆಣೆಯುವವರು ಹೆಚ್ಚು ನೆಮ್ಮದಿ ಹೇಳಿಕೊಂಡರು. ಇದು ಹೆಣಿಗೆಯನ್ನು ಇಷ್ಟಪಡುವವರೇ ಕೊಟ್ಟ ಉತ್ತರ, ಔಷಧದ ಪರೀಕ್ಷೆಯಲ್ಲ. ಹೆಣೆದರೆ ಖಿನ್ನತೆ ವಾಸಿಯಾಗುತ್ತದೆ ಎಂದು ಇದರಿಂದ ಹೇಳಲಾಗದು. ಕೈಗೆ ಒಂದೇ ಲಯದ ಕೆಲಸ, ಕಣ್ಣಿಗೆ ಬೆಳೆಯುವ ಸಾಲು, ಕಿವಿ ಬಾಯಿಗೆ ಬಿಡುವು ಇದ್ದರೆ ಹೊತ್ತು ಹಗುರವಾಗಿ ಹೋಗುತ್ತದೆ ಎನ್ನಲು ಸಮೀಕ್ಷೆಯೂ ಬೇಕಿಲ್ಲ. ಸಂಗೀತ ಕಛೇರಿಯಲ್ಲಿ, ರೈಲಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಇದು ನಡೆಯುತ್ತದೆ. ಪ್ರಯಾಣಕ್ಕೆ ಜಾಲರಿ, ಜಡೆಯಂಥ ಎಣಿಕೆಯ ಹೆಣಿಗೆ ಬೇಡ. ಕಾಲುಚೀಲ ಅಥವಾ ಸಾದಾ ಮಫ್ಲರ್ ಸರಿ. ವಿಮಾನದಲ್ಲಿ ಕಡ್ಡಿ ಒಯ್ಯುವ ನಿಯಮ ದೇಶದಿಂದ ದೇಶಕ್ಕೆ ಬೇರೆ, ಮೊದಲೇ ವಿಚಾರಿಸಬೇಕು.

ಹೊಸದಾಗಿ ಕಲಿಯುವವರಿಗೆ 4 ಮಿಲಿಮೀಟರ್ ಕಡ್ಡಿ, ತಿಳಿಬಣ್ಣದ ನಡುಗಾತ್ರದ ದಾರ ಅನುಕೂಲ. ಕಪ್ಪು ದಾರದಲ್ಲಿ ಕುಣಿಕೆ ಕಾಣುವುದಿಲ್ಲ. ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದರಲ್ಲಿ ಹೆಚ್ಚಿನದು ಅಕ್ರಿಲಿಕ್. ಕಲಿಯಲು ಅದಕ್ಕೇನೂ ಅಡ್ಡಿಯಿಲ್ಲ, ತೊಳೆಯಲೂ ಸುಲಭ; ನಮ್ಮ ಹವೆಗೆ ಹತ್ತಿದಾರವೂ ಹೊಂದುತ್ತದೆ. ದೊಡ್ಡವರ ಸ್ವೆಟರಿಗೆ ಸುಮಾರು ಅರ್ಧ ಕಿಲೊ ಬೇಕಾಗುತ್ತದೆ. ಅಷ್ಟನ್ನೂ ಒಂದೇ ಸಲ, ಲೇಬಲ್ಲಿನ ಮೇಲೆ ಒಂದೇ ಬಣ್ಣದ ಲಾಟ್ ನಂಬರ್ ನೋಡಿ ಕೊಳ್ಳಬೇಕು. ಲಾಟ್ ಬದಲಾದರೆ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಎನಿಸಿದ ಬಣ್ಣ ಬಿಸಿಲಿನಲ್ಲಿ ಎರಡಾಗಿ ಕಾಣುತ್ತದೆ.

ನಿಜವಾದ ಉಣ್ಣೆಯಾಗಿದ್ದರೆ ತಣ್ಣೀರಿನಲ್ಲಿ ಮೆದುವಾದ ಸೋಪು ಹಾಕಿ ನೆನೆಸಿ ತೆಗೆಯಬೇಕು. ಬಿಸಿನೀರು, ಉಜ್ಜುವುದು ಎರಡೂ ಸೇರಿದರೆ ಉಣ್ಣೆ ಗಂಟುಕಟ್ಟಿ ಕುಗ್ಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹಾಸಿ ಒಣಗಿಸಬೇಕು. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ತೋಳು ಇಳಿಬೀಳುತ್ತದೆ. ಮನೆಯ ಟ್ರಂಕಿನಲ್ಲಿ ಅಜ್ಜಿಯೋ ಅತ್ತೆಯೋ ಹಾಕಿದ ಸ್ವೆಟರ್ ಇದ್ದರೆ ಮಳೆಗಾಲಕ್ಕೆ ಮುಂಚೆ ಒಮ್ಮೆ ಹೊರತೆಗೆದು ಬೆಳಕಿಗೆ ಹಿಡಿದು ನೋಡಿ. ಎಲ್ಲಾದರೂ ಒಂದು ಕುಣಿಕೆ ಬಿಟ್ಟಿದ್ದರೆ ಅಂದೇ ಕ್ರೋಶಾ ಕಡ್ಡಿಯಲ್ಲಿ ಎತ್ತಿ ದಾರ ಹಾಕಿ ಕಟ್ಟಿ. ಬಿಟ್ಟ ಕುಣಿಕೆ ಒಂದು ಸಾಲಿಗೆ ನಿಲ್ಲುವುದಿಲ್ಲ.